ಆಣೆ ಇಡದ ಸಾಕ್ಷಿ

ಹರಪನಹಳ್ಳಿ ನಿಲ್ದಾಣದಲ್ಲಿ ಬೆಳಿಗ್ಗೆ ಆರೂವರೆಗೆ ಕೊಟ್ಟೂರಿನ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಬಟ್ಟೆ ಚೀಲ, ಅದರೊಳಗೆ ಒಂದು ಜೊತೆ ಬಟ್ಟೆ, ಬಿಪಿ ಮಾತ್ರೆ, ಎರಡು ಪೆನ್ನು. ಎರಡು ಯಾಕೆಂದರೆ ಸಹಿ ಹಾಕುವ ಹೊತ್ತಿಗೆ ಜನ ಪೆನ್ನು ನಡೆಯುವುದಿಲ್ಲ ಎಂದು ನೆಪ ತೆಗೆಯುತ್ತಾರೆ. ಇಪ್ಪತ್ತೆಂಟು ವರ್ಷ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು ನಾನು. ನಡುದಾರಿಯಲ್ಲಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ ಹತ್ತುತ್ತಾರಲ್ಲ, ಅವರಲ್ಲೊಬ್ಬ. ಟಿಕೆಟ್ ಇಲ್ಲದವನು ನಮ್ಮನ್ನು ಕಂಡೊಡನೆ ಕಿಟಕಿಯ ಆಚೆ ನೋಡತೊಡಗುತ್ತಾನೆ. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಬಸ್ಸು ಹತ್ತಿದ ಕೂಡಲೇ ನನ್ನ ಕಣ್ಣು ಅಂಥವನನ್ನೇ ಹುಡುಕುತ್ತದೆ.

ಈ ಸಲದ ತಪಾಸಣೆ ಒಬ್ಬ ಹುಡುಗನದು. ನನ್ನ ಮಗಳು ಸೆಲಿನ್ ಹಡಗಲಿಯ ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಎಕ್ಸ್‌ರೇ ತೆಗೆಯುವ ಸ್ಯಾಮುವೇಲನನ್ನು ಮದುವೆಯಾಗುತ್ತೇನೆ ಎಂದಿದ್ದಾಳೆ. ನಾವು ತಲೆಮಾರುಗಳಿಂದ ಕಥೋಲಿಕರು. ಪೂಜೆ, ಪಾಪನಿವೇದನೆ, ಮರಿಯಮ್ಮ, ಮೇಲೆ ಬಿಷಪ್ಪರು, ಅವರ ಮೇಲೆ ಪೋಪ್. ಹುಡುಗ ಪ್ರೊಟೆಸ್ಟಂಟ್ ಸಭೆಯವನು. ಅವರಿಗೆ ಒಂದು ಬೈಬಲ್ಲು, ಒಂದು ತಗಡಿನ ಶೆಡ್ಡು ಇದ್ದರೆ ಸಾಕು, ಮೇಲಿನವರು ಯಾರೂ ಬೇಡ. ಅವನಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತನಾಗಿಸುವ ನೀರಿನ ಸ್ನಾನ, ಸರಿಯಾಗಿ ಆಗಿದೆಯೇ ಎಂಬುದಕ್ಕೆ ಪುರಾವೆ ತಂದರೆ ನಮ್ಮ ಚರ್ಚಿನಲ್ಲಿ ಮದುವೆ ಸಲೀಸು. ತರದಿದ್ದರೆ? ಸೆಲಿನ್ ಸುತ್ತಿಬಳಸಿ ಮಾತಾಡುವವಳಲ್ಲ. "ಈಸ್ಟರ್ ಹಬ್ಬ ಮುಗಿಯೋದ್ರೊಳಗೆ ಕಾಗದ ಬರ್ಲಿಲ್ಲ ಅಂದ್ರೆ ಅವರ ಸಭೆಯಾಗೇ ತಾಳಿ ಕಟ್ಟಿಸ್ಕೊಂತೀನಿ ಅಪ್ಪ" ಎಂದಳು. ಆ ಸಭೆಗೆ ನಾನು ಈಗಾಗಲೇ ಒಬ್ಬಳನ್ನು ಕಳೆದುಕೊಂಡಿದ್ದೇನೆ. ಇನ್ನೊಬ್ಬಳನ್ನು ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಕೊಟ್ಟೂರಿನಲ್ಲಿ ಇಳಿದು ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿಂದೆ. ಎಣ್ಣೆ ನಿನ್ನೆಯದೇ ಎಂದು ಬಾಣಲೆಯ ಬಣ್ಣ ಹೇಳುತ್ತಿತ್ತು. ಕೇಳಿದ್ದಕ್ಕೆ ಅಂಗಡಿಯವಳು, "ಅನುಮಾನ ಇದ್ರ ತಿನಬ್ಯಾಡ್ರಿ ಯಜಮಾನ್ರ, ತಿಂದ ಮ್ಯಾಲ ಅನುಮಾನ ಪಡಬ್ಯಾಡ್ರಿ" ಎಂದಳು. ಅಷ್ಟರಲ್ಲಿ ಎರಡು ಮಿರ್ಚಿ ಹೊಟ್ಟೆ ಸೇರಿದ್ದವು. ಅಲ್ಲಿಂದ ಕೂಡ್ಲಿಗಿಗೆ ಮುಕ್ಕಾಲು ಗಂಟೆಯ ದಾರಿ. ಮಾರ್ಚ್ ತಿಂಗಳ ಬಿಸಿಲು ಒಂಬತ್ತಕ್ಕೇ ಸೀಟಿನ ರೆಕ್ಸಿನ್ ಕಾಯಿಸಿತ್ತು.

ಕೂಡ್ಲಿಗಿಯ ನಮ್ಮ ಗುರುಗಳು ಕರಾವಳಿ ಕಡೆಯವರು, ವಯಸ್ಸು ನಲವತ್ತೂ ಇಲ್ಲ. ಪುಸ್ತಕದ ಹಾಗೆ ಮಾತಾಡುತ್ತಾರೆ. "ಅವರು ಕೊಟ್ಟ ಸ್ನಾನವನ್ನೂ ನಾವು ಒಪ್ಪುತ್ತೇವೆ. ನೀರು ಇರಬೇಕು, ಪಿತ, ಪುತ್ರ, ಪವಿತ್ರಾತ್ಮ ಎಂದು ಮೂರೂ ನಾಮ ಹೇಳಿರಬೇಕು. ಕೆಲವರು ಯೇಸುವಿನ ಹೆಸರೊಂದನ್ನೇ ಹೇಳಿ ಮುಳುಗಿಸುತ್ತಾರೆ. ಅದು ನಡೆಯುವುದಿಲ್ಲ" ಎಂದರು.

"ಅವರಲ್ಲಿ ರಿಜಿಸ್ಟರ್ ಇಲ್ಲವಂತೆ ಫಾದರ್. ನಂಬಿಕೆ ಎದೆಯಾಗೈತಿ, ಕಾಗದದಾಗಲ್ಲ ಅಂತಾರೆ."

"ಹಾಗಾದರೆ ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ಒಬ್ಬ ಸಾಕ್ಷಿ ಸಾಕು. ಆದರೆ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷಿ ಆಗಿರಬೇಕು" ಎಂದು ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು.

ಸಂಶಯಕ್ಕೆ ಎಡೆಯಿಲ್ಲದವರು! ಇಪ್ಪತ್ತೆಂಟು ವರ್ಷದಲ್ಲಿ ಅಂಥವರನ್ನು ನಾನು ಒಬ್ಬರನ್ನೂ ಕಂಡಿಲ್ಲ.

ಕೂಡ್ಲಿಗಿಯಿಂದ ಹಡಗಲಿಗೆ ಹೋಗುವ ಬಸ್ಸು ಹಗರಿಬೊಮ್ಮನಹಳ್ಳಿಯಲ್ಲಿ ಹದಿನೈದು ನಿಮಿಷ ನಿಂತಿತು. ಎಲ್ಲರೂ ಚಹಾಕ್ಕೆ ಇಳಿದರು, ನಾನು ಇಳಿಯಲಿಲ್ಲ. ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಅಕ್ಕ ಫಿಲೋಮಿನ ಇದ್ದಾಳೆ. ಮದುವೆಯಾದ ಮೇಲೆ ಗಂಡನ ಜೊತೆ ಸಭೆಗೆ ಸೇರಿದಳು, ಗಂಡ ಹೋದ ಮೇಲೂ ಅಲ್ಲೇ ಉಳಿದಳು. ನಮ್ಮ ಅವ್ವ ಕೊನೆಯ ಏಳು ತಿಂಗಳು ಅವಳ ಮನೆಯಲ್ಲಿದ್ದಳು. ಅಕ್ಕ ಅವ್ವನನ್ನು ಹೊಳೆಗೆ ಕರೆದೊಯ್ದು ಎರಡನೆಯ ಸಲ ಸ್ನಾನ ಮಾಡಿಸಿದ್ದಾಳೆ ಎಂದು ನನಗೆ ಯಾರೋ ಹೇಳಿದರು. ಜ್ಞಾನಸ್ನಾನ ಜೀವಕ್ಕೊಂದೇ ಸಲ. ಮತ್ತೆ ಮಾಡಿಸುವುದೆಂದರೆ ಮೊದಲಿನದು ಸುಳ್ಳು ಎಂದ ಹಾಗೆ. ಅವ್ವನನ್ನು ಮಣ್ಣು ಮಾಡುವ ದಿನ ಹರಪನಹಳ್ಳಿಯ ಸಮಾಧಿ ಜಾಗದಲ್ಲಿ ಎಲ್ಲರೆದುರು ಶಿಲುಬೆ ಚಾಚಿ, "ಮಾಡಿಸಿಲ್ಲ ಅಂತ ಇದನ್ನ ಮುಟ್ಟಿ ಆಣೆ ಮಾಡು" ಎಂದೆ. "ಮಾಡಿಸಿಲ್ಲ" ಎಂದಳು, ಆದರೆ ಆಣೆ ಮಾಡಲಿಲ್ಲ. ತಪ್ಪು ಮಾಡಿದವಳಲ್ಲದಿದ್ದರೆ ಆಣೆಗೆ ಯಾಕೆ ಹೆದರುತ್ತಾಳೆ? ಅವಳಿಗೆ ಹಿಡಿ ಮಣ್ಣು ಹಾಕಲೂ ಬಿಡಲಿಲ್ಲ ನಾನು. ಅದಾಗಿ ಒಂಬತ್ತು ವರ್ಷ, ಒಂದು ಮಾತಿಲ್ಲ.

ಹಡಗಲಿ ಮುಟ್ಟಿದಾಗ ಮೂರು ಗಂಟೆ. ನಿಲ್ದಾಣದ ಹೊರಗೆ ಮಲ್ಲಿಗೆ ಮೊಗ್ಗಿನ ಬುಟ್ಟಿಗಳ ಮೇಲೆ ಒದ್ದೆ ಗೋಣಿ ಹೊದಿಸಿದ್ದರು. ಹುಡುಗ ಕಾಯುತ್ತಿದ್ದ. ಉದ್ದ ಕೈಕಾಲು, ಎಣ್ಣೆ ಹಚ್ಚಿ ಬಾಚಿದ ತಲೆ. ವಿನಯ ಬೇಕಾದ್ದಕ್ಕಿಂತ ಎರಡು ತೊಲ ಹೆಚ್ಚೇ ಇತ್ತು, ಅದೂ ನನಗೆ ಹಿಡಿಸಲಿಲ್ಲ. ಚಹಾದಂಗಡಿಯಲ್ಲಿ ಕೂರಿಸಿ ಕೇಳಿದೆ, "ನಿನ್ನ ಮುಳುಗಿಸುವಾಗ ಪಾಸ್ಟರ್ ಏನಂದ್ರಪ್ಪ?"

"ನಾನಾಗ ಹದಿನಾರರಾಂವ್ರಿ ಮಾವಾರ. ನವೆಂಬರ್ ಚಳಿಗೆ ಹಲ್ಲು ಕಟಕಟ ಅಂತಿದ್ವು, ಕಿವಿ ತುಂಬ ನೀರು. ಪಾಸ್ಟರ್ ಭಾಳ ಕೆಮ್ತಿದ್ರು. ಏನಂದ್ರು ನನಗ ಕೇಳಿಸ್ಲಿಲ್ರಿ. ಸುಳ್ಳು ಹೇಳಾಕ ಬರಂಗಿಲ್ಲ."

"ಆ ಪಾಸ್ಟರ್ ಈಗ?"

"ತೀರಿಕೊಂಡ್ರು."

"ಮತ್ಯಾರಿದ್ರು?"

ಅವನು ಲೋಟದೊಳಗೆ ನೋಡಿದ. "ನೀರಾಗ ನನ್ನ ಇನ್ನೊಂದು ರಟ್ಟಿ ಹಿಡಿದೋರು ಒಬ್ರೇ ರಿ. ಹಗರಿಬೊಮ್ಮನಹಳ್ಳಿ ಫಿಲೋಮಿನಮ್ಮಾರು. ನಿಮ್ಮ ಅಕ್ಕಾರು."

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಆ ರಾತ್ರಿ ಲಾಡ್ಜಿನ ಮಂಚದ ಮೇಲೆ ಲೆಕ್ಕ ಹಾಕಿದೆ. ಈ ಸಂಬಂಧ ಕೂಡಿಸಿದವಳೇ ಅವಳಿರಬೇಕು. ಅವ್ವ ಆಯಿತು, ಈಗ ಮಗಳು. ಸಿಟ್ಟಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಶುಕ್ರವಾರ. ಸ್ನಾನ ನಡೆದ ಜಾಗ ತೋರಿಸು ಎಂದೆ. ಹುಡುಗ ಬೈಕಿನಲ್ಲಿ ಹಂಪಸಾಗರಕ್ಕೆ ಕರೆದುಕೊಂಡು ಹೋದ. ತುಂಗಭದ್ರೆಯ ಹಿನ್ನೀರು ದೂರ ಸರಿದು ಕೆಸರು ಬಿರುಕು ಬಿಟ್ಟಿತ್ತು. ಬಲೆ ಒಣಗಿಸುತ್ತಿದ್ದ ಮೀನುಗಾರನೊಬ್ಬನಿಗೆ, "ನವೆಂಬರಿನಾಗ ಇಲ್ಲಿ ನೀರು ಎಷ್ಟಿರತೈತಿ?" ಎಂದು ಕೇಳಿದೆ. "ಎದಿಮಟ ಇರತೈತ್ರಿ. ಯಾಕ್ರಿ, ಜಮೀನು ಸರ್ವೇಕ್ಕ ಬಂದೀರೇನು?" ಎಂದ. ನೀರಿನ ಮಟ್ಟಿಗೆ ಹುಡುಗನ ಮಾತು ಸರಿಯಿತ್ತು. ಇನ್ನು ಮೂರು ನಾಮದ ಮಾತು. ಅದಕ್ಕೆ ಅಕ್ಕನ ಬಾಗಿಲಿಗೇ ಹೋಗಬೇಕಿತ್ತು.

ನಮ್ಮ ಕೆಲಸದಲ್ಲೊಂದು ಪದ್ಧತಿ ಇದೆ. ಇಬ್ಬರ ಮೇಲೆ ಗುಮಾನಿ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೇಳಬೇಕು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಕೆಮ್ಮಿನ ಸಂಗತಿ ಅವಳೂ ತಾನಾಗಿ ಹೇಳಿದರೆ ನಂಬಬಹುದು ಎಂದುಕೊಂಡು ಹುಡುಗನನ್ನು ಹಿಂದಕ್ಕೆ ಕಳಿಸಿ ಒಬ್ಬನೇ ಹೋದೆ. ಹೋಗಿ ನೋಡಿದರೆ ತಾಟು ಹಾಕಿ ಕಾಯುತ್ತಿದ್ದಾಳೆ! ಹುಡುಗ ಫೋನು ಮಾಡಿದ್ದ. ಅಲ್ಲಿಗೆ ನನ್ನ ತಪಾಸಣೆ ನೀರಿಗೆ ಹೋಯಿತು.

ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬಾ ಅಂತೋಣಿ" ಎಂದಳು, ನಿನ್ನೆ ಮೊನ್ನೆ ಹೋದವನನ್ನು ಕರೆದ ಹಾಗೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. "ಶುಕ್ರವಾರ ಅಲ್ಲೇನು ನಿಂದು? ತಪಸ್ಸುಕಾಲ ಬ್ಯಾರೆ. ಮಾಂಸ ಮಾಡಿಲ್ಲ ತಗೋ" ಎಂದಳು. ಅವರಿಗೆ ಶುಕ್ರವಾರದ ಉಪವಾಸವೂ ಇಲ್ಲ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲವೂ ಇಲ್ಲ. ನನ್ನನ್ನು ಒಲಿಸಿಕೊಳ್ಳುವ ಹೂಟ ಎಂದುಕೊಂಡೇ ನಾಲ್ಕು ರೊಟ್ಟಿ ತಿಂದೆ.

ಉಂಡ ಮೇಲೆ ಹಾಳೆ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದಳು. "ನಾನು ಎದಿಮಟ ನೀರಾಗ ನಿಂತಿದ್ದೆ. ಪಾಸ್ಟರು ತಂದೆಯ ಅಂದು ಕೆಮ್ಮಿದ್ರು, ಮಗನ ಅಂದು ಕೆಮ್ಮಿದ್ರು, ಪವಿತ್ರಾತ್ಮನ ಹೆಸರಿನಲ್ಲಿ ಅಂದು ಮುಳುಗಿಸಿದ್ರು. ಮೂರೂ ಕೇಳೀನಿ. ಅಷ್ಟು ಬರಕೋ."

"ಬರೆದೇ ಇದೆ. ಸಹಿ ಹಾಕು."

"ಇದಕ್ಕ ಹಾಕಂಗಿಲ್ಲ." ಹಾಳೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. "ದೇವರ ಮೇಲೆ ಪ್ರಮಾಣ ಮಾಡಿ ಅಂತ ಐತಿ. ನಾವು ಆಣಿ ಇಡಂಗಿಲ್ಲ. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ಆಣಿ ಇಟ್ಟು ಹೇಳಿದ್ದು ಖರೆ ಅಂದ್ರ, ದಿನಾ ಆಡೋ ಮಾತೆಲ್ಲ ಸುಳ್ಳಂತ ಒಪ್ಪಿದಂಗ."

"ಅಕ್ಕ, ನಮ್ಮ ಚರ್ಚಿನಾಗ ಹುಡುಗನ ಮದುವಿ ನಿಲ್ತದ."

"ನಿಲ್ಲಲಿ. ಅಂವ ನನ್ನ ಮಗ ಇದ್ದಂಗ. ಆದ್ರೂ ಹಾಕಂಗಿಲ್ಲ."

ಸೆಲಿನಳನ್ನು ತನ್ನ ಸಭೆಗೆ ಎಳೆಯಬೇಕೆಂದಿದ್ದರೆ ಮೂರು ನಾಮ ಕೇಳಿಲ್ಲ ಎಂದರೆ ಸಾಕಿತ್ತು, ಹಾಗೆ ಅನ್ನಲಿಲ್ಲ. ಇಲ್ಲಿ ಆಣೆ ಇಟ್ಟರೆ ಅವಳಿಗೆ ನಷ್ಟವೂ ಇಲ್ಲ. ಮಗನಂಥ ಹುಡುಗನಿಗೆ ಒಳ್ಳೆಯದಾಗುತ್ತದೆ. ಹೇಳುತ್ತಿರುವುದು ಸತ್ಯವೇ ಆದರೂ ಆಣೆ ಒಲ್ಲೆ ಎನ್ನುತ್ತಿದ್ದಾಳೆ. ಹಾಗಾದರೆ ಅವತ್ತು ಸಮಾಧಿಯ ಹತ್ತಿರ ಒಲ್ಲೆ ಎಂದದ್ದು? ಒಂಬತ್ತು ವರ್ಷ ನಾನು ಯಾವುದನ್ನು ಕಳ್ಳತನದ ಗುರುತು ಎಂದು ಹಿಡಿದಿದ್ದೆನೋ ಅದು ಅವಳ ನಂಬಿಕೆಯಾಗಿತ್ತು.

ಗುರುಗಳಿಗೆ ಫೋನು ಮಾಡಿದೆ. "ಪ್ರಮಾಣ ಕಡ್ಡಾಯವಲ್ಲ, ಆ ಪದ ಹೊಡೆದುಹಾಕಿ. ಹೇಳಿಕೆ ಸಾಕು. ಆದರೆ ಈ ಸಾಕ್ಷಿ ಸಂಶಯಕ್ಕೆ ಎಡೆಯಿಲ್ಲದವರು ಎಂದು ಅವರನ್ನು ಬಲ್ಲ ನೀವೇ ಕೆಳಗೆ ಬರೆದು ಸಹಿ ಹಾಕಬೇಕು" ಎಂದರು.

ಪದ ಹೊಡೆದೆ. ಅಕ್ಕ ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದಳು. ಪೆನ್ನು ಹಿಡಿದು ಕೇಳಿಯೇಬಿಟ್ಟೆ, "ಅವ್ವನ್ನ ಹೊಳಿಗೆ ಕರಕೊಂಡು ಹೋಗಿದ್ದೇನು?"

"ಹೋಗಿದ್ದೆ. ನನ್ನ ಮುಳುಗಿಸು ಅಂತ ಅವ್ವನೇ ಅಂದ್ಲು. ನಾನು ಒಲ್ಲೆ ಅಂದೆ."

"ಯಾಕ?"

"ನನ್ನ ಖುಷಿಗೆ ಕೇಳಿದ್ಲು. ಕೊರಳಾಗ ಜಪಸರ ಹಂಗೇ ಇತ್ತು. ಮಗಳ ಖುಷಿಗೆ ಮುಳುಗಿದ್ರ ಅದು ಬರೇ ಮೈ ತೊಳೆದಂಗ ಆಕ್ಕೈತಿ. ಕಾಲು ತೊಳೆದು ಮನಿಗೆ ಕರಕೊಂಡು ಬಂದೆ."

ಇದಕ್ಕೂ ಸಾಕ್ಷಿಯಿಲ್ಲ, ಕಾಗದವಿಲ್ಲ. ತಪಾಸಣೆಯವನ ಮನಸ್ಸು ಒಮ್ಮೆ ಕೊಸರಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಬರೆದೆ: "ಈಕೆ ಸಂಶಯಕ್ಕೆ ಎಡೆಯಿಲ್ಲದವರು. ಇವರು ನನ್ನ ಅಕ್ಕ." ಎರಡನೆಯ ಸಾಲು ಯಾರೂ ಕೇಳಿರಲಿಲ್ಲ.

"ನಡಿ, ಬಸ್ಸಿಗೆ ಹೊತ್ತಾತು" ಎಂದೆ.

"ಎಲ್ಲಿಗೆ?"

"ಹರಪನಹಳ್ಳಿಗೆ. ಅವ್ವನ ಹತ್ರ."

"ಸತ್ತೋರಿಗೆ ನಾವು ಪ್ರಾರ್ಥನೆ ಮಾಡಂಗಿಲ್ಲ."

"ಮಾಡಬ್ಯಾಡ. ಮಣ್ಣು ಹಾಕು."

ಅವಸರದಲ್ಲಿ ಅಕ್ಕ ಆಧಾರ್ ಕಾರ್ಡು ಮರೆತಿದ್ದಳು. ಹೆಂಗಸರ ಉಚಿತ ಟಿಕೆಟಿಗೆ ಅದು ಬೇಕು. ಕಂಡಕ್ಟರ್ ನನ್ನನ್ನು ಗುರುತು ಹಿಡಿದ. "ನಿಮ್ಮ ಅಕ್ಕಾರಾ? ನೀವು ಹೇಳಿದ್ರ ಸಾಕು ಬಿಡ್ರಿ ಸಾಹೇಬ್ರ." ನಾನು ಒಪ್ಪಲಿಲ್ಲ, ನಿಯಮ ನಿಯಮವೇ. ಅವಳಿಗೆ ಪೂರ್ತಿ ಟಿಕೆಟ್ ಕೊಂಡೆ. "ನೀ ಸುಧಾರಿಸಂಗಿಲ್ಲ ಬಿಡಲೇ" ಎಂದು ಅಕ್ಕ ನಕ್ಕಳು.

ಸಮಾಧಿ ಜಾಗ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಕ್ಕ ಚಪ್ಪಲಿ ಕಳಚಿ, ಬಗ್ಗಿ, ಒಣಮಣ್ಣನ್ನು ಉಗುರಿನಿಂದ ಕೆರೆದು ಒಂದು ಹಿಡಿ ತೆಗೆದಳು. ಪ್ರಾರ್ಥನೆ ಮಾಡಲಿಲ್ಲ. ಹಿಡಿ ಬಿಚ್ಚುವಾಗ ಅವಳ ಭುಜಗಳು ಅದುರತೊಡಗಿದವು. ನಾನು ಶಿಲುಬೆಯ ಗುರುತು ಹಾಕಿಕೊಂಡು ಕಾಂಪೌಂಡಿನ ಆಚೆಗಿನ ಬೇವಿನ ಮರದ ಕಡೆ ನೋಡತೊಡಗಿದೆ. ನಾನು ಹಿಡಿದವರೆಲ್ಲ ಹೀಗೇ ಆಚೆ ನೋಡುತ್ತಿದ್ದರು.

"ಇತ್ಲಾಗ ನೋಡಲೇ ಅಂತೋಣಿ" ಎಂದಳು ಅಕ್ಕ.

ನೋಡಿದೆ.