ಆ ಸದ್ದು ಮರಳುಗಾಳಿಯದಲ್ಲ

ಧಾಪು ಮದುವೆಯಾಗಿ ಬಂದಾಗ ಬೀಕಾನೇರಿನ ಹೊರಗಿನ ಆ ಮರಳುದಿಬ್ಬದಲ್ಲಿ ನರಿಗಳು ಊಳಿಡುತ್ತಿದ್ದವು. ಅವಳ ಮಗನಿಗೆ ಮೀಸೆ ಚಿಗುರುವ ಹೊತ್ತಿಗೆ ದಿಬ್ಬದ ಬುಡಕ್ಕೇ ಕಾರಿನ ಷೋರೂಮು ಬಂತು. ಊರು ಹಾಗೆ ಮೈ ಚಾಚಿಕೊಂಡಿತ್ತು.

ದಿಬ್ಬದ ಹೆಂಗಸರೆಲ್ಲ ಕಾರ್ಖಾನೆಯಿಂದ ಹಿಟ್ಟು ತಂದು ಹಪ್ಪಳ ಲಟ್ಟಿಸಿ ಬದುಕುವವರು. ಧಾಪುವಿನ ಮಣೆಯ ಪಕ್ಕದಲ್ಲೇ ಲಿಛಮಾಳ ಮಣೆ. ಒಡಹುಟ್ಟಿದವರೇನಲ್ಲ. ಆದರೂ ಲಿಛಮಾ ಅವಳನ್ನು ಕರೆಯುತ್ತಿದ್ದುದು ಜೀಜಿ, ಅಕ್ಕ ಎಂದೇ. ಧಾಪುವಿನ ಹೆರಿಗೆ ಮಾಡಿಸಿದವಳು ಲಿಛಮಾ. ಲಿಛಮಾಳ ಗಂಡ ಕುಡಿದು ಬಂದ ದಿನ ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತವಳು ಧಾಪು.

ಬಡಾವಣೆ ಕಟ್ಟುವ ಸೇಠನೊಬ್ಬನ ಕಣ್ಣು ದಿಬ್ಬದ ಮೇಲೆ ಬಿತ್ತು. ಮನೆ ಕೆಡವಲು ಅವನ ಯಂತ್ರ ಬಂದಾಗಲೆಲ್ಲ ಜನ ಅಡ್ಡ ಕೂತರು. ಎಲ್ಲರಿಗಿಂತ ಗಟ್ಟಿ ದನಿ ಲಿಛಮಾಳದು.

"ನಮ್ಮ ಹೆಣದ ಮೇಲೆ ಕಟ್ಕೋ ಹೋಗೋ ನಿನ್ನ ಬಂಗಲೆ!"

ಸೇಠನ ಜನ ಹಿಂದೆ ಸರಿದರು.

ನವರಾತ್ರಿ ಹತ್ತಿರ ಬಂತು. "ಜೀಜಿ, ಈ ಸಲ ಇಡೀ ದಿಬ್ಬಾನೇ ದೇಶನೋಕದ ಗುಡಿಗೆ ನಡ್ಕೊಂಡು ಹೋಗ್ಬೇಕು. ಕರಣಿ ಮಾತೆ ಒಲಿದ್ರೆ ಆ ಸೇಠ ಏನು ಕಿತ್ಕೋತಾನೆ?" ಎಂದು ಮನೆಮನೆಗೆ ಹೋಗಿ ಎಲ್ಲರನ್ನೂ ಹೊರಡಿಸಿದವಳೂ ಲಿಛಮಾಳೇ. ಹೊರಡುವ ಹೊತ್ತಿಗೆ ಮಾತ್ರ ಅವಳ ಕಾಲು ಉಳುಕಿತು.

"ನೀವು ಹೋಗ್ಬನ್ನಿ. ನಿಮ್ಮತ್ತೇನ ನಾನು ನೋಡ್ಕೋತೀನಿ."

ಧಾಪುವಿನ ಅತ್ತೆ ಚುನ್ನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. "ನಿನ್ನ ಕಾಲಿಗೂ ಬೇಡ್ಕೊಂಡು ಬರ್ತೀನಿ ಕಣೇ" ಎಂದು ಧಾಪು ಹೊರಟಳು. ಹರಕೆ ಹೊತ್ತು ಬೇಡಿಕೊಂಡಳು ಕೂಡ.

ಪ್ರಸಾದ ಕಟ್ಟಿಕೊಂಡು ಮರಳಿದಾಗ ದಿಬ್ಬದ ಮೇಲೆ ಒಂದು ಗೋಡೆಯೂ ನಿಂತಿರಲಿಲ್ಲ. ಸುತ್ತ ತಂತಿಬೇಲಿ, ಒಳಗೆ ಕಾವಲಿನವರು. ಬೇಲಿಯ ಹೊರಗೆ ಖೇಜಡಿ ಮರದ ಕೆಳಗೆ ಚುನ್ನಿ ಕೂತಿದ್ದಳು. ಪಕ್ಕದಲ್ಲಿ ಒಂದು ಮಡಕೆ ನೀರು, ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ.

"ಲಿಛಮಾ ಕೈ ಹಿಡ್ಕೊಂಡು ಬಂದು ಕೂರಿಸಿದ್ಲು. ಮರಳುಗಾಳಿ ಎದ್ದಿದೆ, ಮುಖ ಮುಚ್ಕೋ ಅಜ್ಜಿ ಅಂದ್ಲು" ಎಂದಳು ಮುದುಕಿ. "ಹುಟ್ಟಿದಾಗಿಂದ ಮರಳುಗಾಳಿ ಕೇಳಿದೀನಿ ಧಾಪು. ಆ ಸದ್ದು ಅದರದ್ದಲ್ಲ. ಆದ್ರೆ ಅವಳು ಅಳ್ತಿದ್ಲು. ಅದಕ್ಕೇ ನಾನು ಸುಮ್ಮನಾದೆ."

ಸೇಠನ ಇನ್ನೊಂದು ಬಡಾವಣೆಯಲ್ಲಿ ಲಿಛಮಾಳಿಗೆ ಎರಡು ಕೋಣೆಯ ಪಕ್ಕಾ ಮನೆ ಸಿಕ್ಕಿದೆಯೆಂದು ಆಮೇಲೆ ತಿಳಿಯಿತು. ಧಾಪು ಅಲ್ಲಿಗೆ ಹೋಗಿ ಬಾಗಿಲು ಬಡಿದಳು. ಲಿಛಮಾ ಬಂದಳು. ಕಾಲು ಕುಂಟುತ್ತಿರಲಿಲ್ಲ.

"ಇವತ್ತಲ್ಲ ನಾಳೆ ಕೆಡವ್ತಾನೇ ಇದ್ರು ಜೀಜಿ. ನೀವಿದ್ದಿದ್ರೆ ಯಾರಾದ್ರೂ ಸಾಯ್ತಿದ್ರು. ಅಜ್ಜೀನ ನಾನು ಉಳಿಸ್ಲಿಲ್ವಾ?"

ಬಯ್ಯಬೇಕೆಂದೇ ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದಳು ಧಾಪು.

"ನನ್ನ ಕೈಲಿ ನಿನ್ನ ಕಾಲಿಗೆ ಹರಕೆ ಹೊರಿಸಿದ್ಯಲ್ಲೇ" ಎಂದಷ್ಟೇ ಅಂದು ಹಿಂದಿರುಗಿದಳು.

ದಿಬ್ಬದವರು ಚದುರಿಹೋದರು. ಧಾಪು ಇಟ್ಟಿಗೆ ಗೂಡುಗಳ ಆಚೆ ತಗಡು ಹೊದಿಸಿಕೊಂಡು ಮತ್ತೆ ಹಪ್ಪಳಕ್ಕೆ ಕೂತಳು. ಪಕ್ಕದಲ್ಲಿ ಬೇರೆಯವರು ಬಂದು ಕೂತರೆ ಮಾತಾಡುತ್ತಿದ್ದಳು, ನಗುತ್ತಿದ್ದಳು. ಮನೆಯ ವಿಷಯ ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಎಲ್ಲಿಗಾದರೂ ಹೋಗುವುದಿದ್ದರೆ ಅತ್ತೆಯನ್ನು ಜೊತೆಗೇ ಕರೆದೊಯ್ಯುತ್ತಿದ್ದಳು.

ಕೆಲವು ವರ್ಷಗಳ ಮೇಲೆ, ಬೇಸಿಗೆಯಲ್ಲಿ, ಲಿಛಮಾಳ ಗಂಡ ಸತ್ತ. ಸಾವಿನ ಮನೆಗೆ ಕರೆಯಲು ಯಾರೂ ಬರುವುದಿಲ್ಲ, ಹೋಗದೆ ಯಾರೂ ಇರುವುದಿಲ್ಲ. ಧಾಪು ಹೋದಳು, ಹೆಂಗಸರ ನಡುವೆ ಸೆರಗು ಮುಚ್ಚಿ ಅತ್ತಳು. ಹೊರಡುವಾಗ ಲಿಛಮಾ ಅವಳ ಕೈ ಹಿಡಿದುಕೊಂಡಳು.

"ಜೀಜಿ, ಇನ್ನಾದ್ರೂ ಬರ್ತಾ ಇರ್ತೀಯಾ?"

"ನಾನು ಬಂದಿದ್ದು ಸಾವಿಗೆ" ಎಂದಳು ಧಾಪು. ಕೈಯನ್ನು ಮೆಲ್ಲನೆ ಬಿಡಿಸಿಕೊಂಡು ಚಪ್ಪಲಿ ಹುಡುಕತೊಡಗಿದಳು.