ಒಂದ ನಾಬಿನ ಮೈಕ್ರೊವೇವ್

ಸಂಗನಬಸವ ಒಳಗ ಕಾಲಿಟ್ಟರ ವಿಜಯಪುರದ ಮಿಕ್ಸರ್-ಫ್ರಿಜ್ ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡತಾರ. ಇಬ್ರಾಹಿಂಪುರದಾಗ ಮೂವತ್ತ ವರ್ಷ ನೀರಿನ ಮೋಟಾರ ರಿಪೇರಿ ಮಾಡಿದಾಂವ, ಮೈಕ್ರೊವೇವ್ ತೋರಿಸಿದರ ಮೊದಲ ಬೋರಲ ಹಾಕಿ ಸ್ಕ್ರೂ ಎಣಸತಾನ, ಆಮ್ಯಾಲ ಬಾಗಲಾ ಹತ್ತ ಸಲ ದಡಾರನೆ ಹಾಕತಾನ, "ಇದೇನ ಮಷೀನೋ, ಹಪ್ಪಳೋ?" ಅಂತ ಸಿಡೀತಾನ. ಗಾಜಿನ ಮ್ಯಾಲ ಬೆರಳ ಮುಟ್ಟಿಸಿದರ ನಲವತ್ತ ನಮೂನಿ ಅಡಗಿ ಆಗತದ ಅಂದರಂತೂ ಮೈಯೆಲ್ಲಾ ಉರೀತದ. "ನಲವತ್ತೂ ನೀವ ಉಣ್ರಿ. ನಮಗ ಬ್ಯಾಳಿ ಬಿಸಿ ಆದರ ಸಾಕು. ಹೋಟೆಲಿನ್ಯಾಗ ಇರತದಲ್ಲ, ಉಕ್ಕಿಂದು, ತಿರುವೋ ನಾಬ್ ಒಂದ ಇದ್ದದ್ದು, ಅದನ್ನ ತರ್ರಿ." ಮೊನ್ನೆ ಒಂದ ಅಂಗಡಿಯಾಗ ಮಾಲ ತೋರಸೋ ಶೈಲಶ್ರೀ, "ಅದನ್ನ ಮನಿಗಿ ಯಾರೂ ಒಯ್ಯಂಗಿಲ್ರಿ ಕಾಕಾ," ಅಂದಳು. "ನಿಮ್ಮ ಮನಿಗಿ ಒಯ್ಯಿ ಅಂದೇನೇನ ತಂಗಿ?" ಅಂದ. ಕಡಿಗಿ ಆಕಿ ಗೋದಾಮಿನಿಂದ ಒಂದ ತರಿಸಿದಳು. ಬೋರಲ ಹಾಕಿದ, ಬಾಗಲಾ ಬಡದ. ಬೈಯಾಕ ಏನೂ ಸಿಗಲಿಲ್ಲಂತ ಮತ್ತಷ್ಟ ಸಿಟ್ಟಾದ. ಕಿಸೆದಾಗಿನ ಕಬ್ಬಿಣ ತಿಕ್ಕೋ ಸಣ್ಣ ಅರ ತಗದು, ನಾಬಿನ ಸುತ್ತ ಎರಡ ಮಿನಿಟಿನ ಗೆರಿ ಇದ್ದಲ್ಲೆ ಹೊಸಾ ಮಷೀನ ಗೀರಾಕ ಹತ್ತಿದ. "ಗ್ಯಾರಂಟಿ ಹೋಗತದ್ರಿ ಕಾಕಾ." "ಹೋಗ್ಲಿ." ಸಂಕ್ರಮಣದಿಂದ ಹೆಂಡತಿ ವಿಜಯಲಕ್ಷ್ಮಿಯ ಕಣ್ಣು ಪೂರಾ ಹೋಗ್ಯಾವ. ಸೆರಗಿಗೆ ಬೆಂಕಿ ಹತ್ತಿದ ದಿನ, ಇನ್ನ ಒಲಿ ಹತ್ರ ಹೋಗಬ್ಯಾಡಂತ ಒದರಿದಾಂವ ಇಂವನ. "ನಿಮಗ ಬಿಸಿ ಮಾಡಿ ನೀಡಾಕ ಬರಲಾರದಕಿಗಿ ಬಿಸಿ ಊಟ ಯಾಕ?" ಅಂದಾಕಿ, ಅವತ್ತಿಂದ ಸೊಸಿ ಮಾಡಿಟ್ಟದ್ದನ್ನ ತಣ್ಣಗ ತಿಂತಾಳ. ಸಂಗನಬಸವ ಕಣ್ಣ ಮುಚ್ಚಿ ಹೆಬ್ಬೆರಳಲೆ ಗೀರು ಹುಡಕಿದ. ಸಿಗಲಿಲ್ಲ. ಹಲ್ಲ ಕಡಕೊಂತ ಇನ್ನೂ ಆಳ ಗೀರಿ, ಮತ್ತ ಕಣ್ಣ ಮುಚ್ಚಿ ಹುಡಕಿದ. ಸಿಕ್ಕ ಮ್ಯಾಲೂ ಕಣ್ಣ ತಗೀಲಿಲ್ಲ. "ಕಟ್ಟಿ ಕೊಡ್ರಿ," ಅಂದ.