ಅಕ್ಕೋರು ಒಯ್ದ ರೊಟ್ಟಿ

ಕಣ್ಣಾರೆ ಕಂಡೆನೋ, ಅವ್ವ ಹೇಳಿದ್ದನ್ನು ಕೇಳಿದೆನೋ, ಈಗ ಖಚಿತವಿಲ್ಲ. ಮಾರ್ಚ್ ಬಂತೆಂದರೆ ನಮ್ಮ ಹೈಸ್ಕೂಲಿನ ಟೀಚರ್ ಅಕ್ಕೋರು, ದುಡಿಯಲು ಊರು ಬಿಟ್ಟು ಬಂದ ನಮ್ಮಂಥವರು ನೆಲೆಸಿದ್ದ ಮೋತಿ ಡೊಂಗರ್‌ನ ಮನೆಮನೆಯ ಅಡುಗೆ ಮೂಲೆಗೆ ಇಣುಕುತ್ತಿದ್ದರು. ದಾರಿಯ ಬುತ್ತಿಗೆಂದು ಸುಟ್ಟ ಖಡಕ್ ರೊಟ್ಟಿಯ ರಾಶಿ ಕಂಡರೆ ಆ ಮನೆಯವರು ಯುಗಾದಿಗೆ ಊರಿಗೆ ಹೊರಟರು, ಮಗುವಿನ ಹತ್ತನೆಯ ಪರೀಕ್ಷೆ ತಪ್ಪಿತು ಎಂದೇ ಅರ್ಥ. “ಪರೀಕ್ಷಾ ಮೊದಲ, ಊರು ಆಮ್ಯಾಲೆ” ಎನ್ನುವುದು ಅಕ್ಕೋರ ಮಾತು.

ಒಂದು ವರ್ಷ ಪಕ್ಕದ ಮನೆಯ ಶಾಂತಾಳ ತಾಯಿ ಒಪ್ಪಲಿಲ್ಲ. “ಹಬ್ಬಕ್ಕ ಹೋಗಲಿಲ್ಲಂದ್ರ ನಮ್ಮತ್ತಿ ಬೈತಾಳ್ರಿ ಅಕ್ಕೋರ.”

ಅಕ್ಕೋರು ಅಷ್ಟೂ ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡರು. ಸೆರಗೋ, ಚೀಲವೋ, ನೆನಪಿಲ್ಲ.

“ಅಯ್ಯ, ಬುತ್ತಿ ಇಲ್ಲದ ಹೆಂಗ ಹೋಗೂದ್ರಿ?”

“ಹೋಗಬ್ಯಾಡ. ಕಡೀ ಪೇಪರ್ ಬರದು ಶಾಂತಾನ ಬಂದು ಒಯ್ಲಿ. ಖಡಕ್ ರೊಟ್ಟಿ, ಕೆಡೂದಿಲ್ಲ.”

ಮುಂದೆ ಶಾಲೆಯ ರಿಜಿಸ್ಟರ್ ತೆಗೆಸಿ ನೋಡಿದೆ. ಆ ವರ್ಷ ನಮ್ಮ ಓಣಿಯಿಂದ ಹತ್ತನೆಯ ತರಗತಿ ಪಾಸಾದವಳು ಶಾಂತಾ ಒಬ್ಬಳೇ.